ಗೂಡಿನಲ್ಲಿಟ್ಟ ಹಳದಿ ಸೀಸೆ

ಮೂರು ಹನಿ ಬಿದ್ದವು. ಸೀಸೆಯ ನೀರು ಹಳದಿಯಾಗಲಿಲ್ಲ. ಕಂಪನಿಯ ಮ್ಯಾನೇಜರ್ ಇನ್ನೆರಡು ಹನಿ ಹಾಕಿ ಅಲುಗಾಡಿಸಿದ. ಊಹೂಂ. ನೀರಕ್ಕ ಗೋಡೆಯ ಗೂಡಿನ ಕಡೆಗೊಮ್ಮೆ ನೋಡಿದಳು.

ನೀರಕ್ಕ ಅಂತ ಹೆಸರಿಟ್ಟದ್ದು ಊರಿನವರು. ಕುಡಿಯುವ ನೀರಿನ ಘಟಕದ ಕಟ್ಟಡ, ಬೋರ್‌ವೆಲ್ಲು ಸರ್ಕಾರದ್ದು. ನೀರು ಶುದ್ಧ ಮಾಡುವ ಯಂತ್ರ ಕಂಪನಿಯದು. ಬೆಳಿಗ್ಗೆ ಬಾಗಿಲು ತೆಗೆದು, ಕ್ಲೋರಿನ್ ಸೇರಿದೆಯಾ ಎಂದು ಹನಿ ಔಷಧಿ ಹಾಕಿ ನೋಡಿ, ಹಳದಿಯಾದ ಸೀಸೆಯ ಫೋಟೋವನ್ನು ಇಬ್ಬರಿಗೂ ಕಳಿಸುವುದು ಇವಳ ಕೆಲಸ. ಎರಡು ತಿಂಗಳ ಹಿಂದೆ ಆ ಹನಿ ಔಷಧಿ ಮುಗಿಯಿತು. ಕೇಳಿದರೆ ಕಂಪನಿಯವರು ಸರ್ಕಾರದ ಕಡೆ ಕೈ ತೋರಿಸಿದರು, ಸರ್ಕಾರದವರು ಕಂಪನಿಯ ಕಡೆ. ಫೋಟೋ ಬರದ ದಿನ ಮಾತ್ರ ಇಬ್ಬರೂ ಫೋನು ಮಾಡಿ ಗದರಿದರು. ಸಾಕಾಗಿ ಹೋಗಿ, ಕೊನೆಯ ಸಲದ ಸೀಸೆಗೆ ಬಿರಡೆ ಹಾಕಿ ಗೂಡಿನಲ್ಲಿಟ್ಟು ದಿನಾ ಅದರದೇ ಫೋಟೋ ಕಳಿಸತೊಡಗಿದಳು. ಬಣ್ಣ ಕಂದಿದಾಗ ಚಿಟಿಕೆ ಅರಿಸಿನ ಬೆರೆಸಿದಳು. ಒಬ್ಬರಾದರೂ ಕೇಳಬೇಕಲ್ಲ! ದಿನಾ ಹೆಬ್ಬೆರಳೆತ್ತಿದ ಚಿತ್ರ ಬರುತ್ತಿತ್ತು, ಅಷ್ಟೇ.

ಇವತ್ತು ಘಟಕಕ್ಕೆ ಒಂದು ವರ್ಷ. ಫೋಟೋ ತೆಗೆಸಿಕೊಳ್ಳಲು ಸರ್ಕಾರಿ ಇಂಜಿನಿಯರರ ಜೊತೆ ಬಂದ ಮ್ಯಾನೇಜರ್ ಜೇಬಿನಲ್ಲಿ ಹೊಸ ಔಷಧಿ ತಂದುಬಿಟ್ಟಿದ್ದ. ಅವಳಿಗೆ ಕೆಲಸ ಹೋಗುವ ಭಯಕ್ಕಿಂತ ಬೇರೆಯದೇ ಭಯ. ಬೆಳಗಿನಿಂದ ಅತ್ತೆಗೆ ವಾಂತಿ ಭೇದಿ. "ನೀರು ಚೆನ್ನಾಗಿ ಕುಡೀರಿ ಅತ್ತೆ" ಎಂದು ಇದೇ ನೀರನ್ನು ಎರಡು ಚೊಂಬು ತಾನೇ ಕುಡಿಸಿ ಬಂದಿದ್ದಳು.

"ಯಂತ್ರ ನಿಮ್ದಲ್ವೇನ್ರೀ?" ಎಂದರು ಸರ್ಕಾರಿ ಇಂಜಿನಿಯರ್.

"ಕ್ಲೋರಿನ್ ಕೊಡೋದು ನಿಮ್ಮ ಇಲಾಖೆ ಸಾರ್. ಮೆಲ್ಲಗೆ, ಹೊರಗೆ ಜನ ಇದ್ದಾರೆ." ಮ್ಯಾನೇಜರನ ಕಣ್ಣು ಗೂಡಿಗೆ ಹೋಯಿತು. ಸೀಸೆ ಎತ್ತಿ ಬಿರಡೆ ತೆಗೆದು ಮೂಸಿದ. ಅವನಿಗೆ ಎಲ್ಲ ಅರ್ಥವಾಯಿತು. "ಅಕ್ಕಾ... ಇರ್ಲಿ. ಇವತ್ತು ಫೋಟೋಗೆ ಇದನ್ನೇ ಹಿಡ್ಕೊಳ್ಳಿ. ನಾಳೆ ರಿಪೇರಿಗೆ ಜನ ಕಳಿಸ್ತೀವಿ."

"ಸಾರ್, ಮನೇಲಿ ನಮ್ಮತ್ತೆ..."

"ಬಾಯಿ ಬಿಟ್ರೆ ಮೊದಲು ಸಿಕ್ಕಿ ಬೀಳೋಳು ನೀನೇ ಕಣಮ್ಮ" ಎಂದರು ಇಂಜಿನಿಯರ್. "ನಡಿ."

ಮೆಟ್ಟಿಲ ಮೇಲೆ ಇಬ್ಬರ ನಡುವೆ ಅವಳು ಸೀಸೆ ಹಿಡಿದು ನಿಂತಳು. ಎದುರಿಗೆ ಕೊಡಗಳ ಸಾಲು. ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. "ಸ್ವಲ್ಪ ನಗಮ್ಮ" ಎಂದರು ಯಾರೋ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಮಗಳು.

"ಅಮ್ಮಾ, ಅಜ್ಜಿಗೆ ಎದ್ದು ಕೂರೋಕೂ ಆಗ್ತಿಲ್ಲ. ನೀರು ನೀರು ಅಂತಿದಾರೆ. ಕೊಡ್ಲಾ?"

ಇಂಜಿನಿಯರ್ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವಳು ಕೊಡಗಳ ಸಾಲಿನ ಕಡೆ ನೋಡಿದಳು.

"ಅಮ್ಮಾ? ಲೋಟ ಕೈಲೇ ಇದೆ."

"ಕೊಡ್ಬೇಡ ಕಣೇ!" ಅವಳು ಕಿರುಚಿದಳು. "ಒಂದು ಗುಟುಕೂ ಕೊಡ್ಬೇಡ! ನಮ್ಮ ಘಟಕದ ನೀರು ಚೆಲ್ಲು! ಬೇರೆ ನೀರು ಕುದಿಸಿ ಕೊಡು, ಬಂದೆ!"

ಆಗಷ್ಟೇ ಕೊಡ ತುಂಬಿಸಿ ಸೊಂಟಕ್ಕೇರಿಸಿದ್ದ ಹೆಂಗಸು ಅವಳ ಮುಖ ನೋಡಿದಳು, ಕೈಯಲ್ಲಿದ್ದ ಸೀಸೆ ನೋಡಿದಳು. ಕೊಡ ಇಳಿಸಿ ಬಗ್ಗಿಸಿದಳು. ನೀರು ಹರಿದು ಬಂದು ಮೆಟ್ಟಿಲ ಕೆಳಗೆ ನಿಂತಿತು. ನೋಡಲು ತಿಳಿಯಾಗಿಯೇ ಇತ್ತು.