ರೇವಣ್ಣನ ಮಳೆ ಪುಸ್ತಕ

ಹೋದ ವರ್ಷದ ಜನವರಿಯಲ್ಲಿ ನಿಮ್ಮ ಕಣದ ಕಾಫಿ ನೆನೆಯಿತಾ? ಸೋಮವಾರಪೇಟೆ ಹತ್ತಿರದ ರೇವಣ್ಣನದು ನೆನೆಯಿತು. ಇರುವುದೇ ಎರಡು ಎಕರೆ ತೋಟ. ಒಣಗಲು ಹರಡಿದ್ದ ಹಣ್ಣಿಗೆ ಬೂಷ್ಟು ಹಿಡಿದು ವರ್ಷದ ದುಡಿಮೆ ಅರ್ಧಕ್ಕರ್ಧ ಹಾಳಾಯಿತು. ಅವತ್ತು ಬೆಳಿಗ್ಗೆ ಫೋನಿಗೆ ‘ಇಂದು ಮಳೆ ಇಲ್ಲ’ ಎಂದು ಮೆಸೇಜು ಬಂದಿತ್ತು. ರೇವಣ್ಣನಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಈ ಸಲ ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಸುಧಾ ಬಂದು ಜಗಲಿಯಲ್ಲಿ ಕೂತಳು. ಸ್ವಸಹಾಯ ಸಂಘದ ಹುಡುಗಿ, ಚುರುಕು.

“ಮಾವ, ನಿಮ್ಮ ಮಳೆ ಪುಸ್ತಕ ಕೊಡಿ. ಬೆಳೆಗಾರರ ಸಂಘದವರು ಎಐಗೆ ನಮ್ಮೂರ ಮಳೆ ಕಲಿಸ್ತಾ ಇದಾರೆ.”

“ಯಾವ ಎಐ? ‘ಮಳೆ ಇಲ್ಲ’ ಅಂತ ಮೆಸೇಜು ಕಳಿಸಿ ನನ್ನ ಕಾಫಿ ತೊಳೆದಿದ್ದು ಅದೇ ತಾನೆ?”

“ಅದೇ. ಅದಕ್ಕೆ ಪೇಟೆ ಮಳೆ ಗೊತ್ತು, ಗುಡ್ಡದ ಈಚೆ ಮಳೆ ಗೊತ್ತಿಲ್ಲ. ಯಾರೂ ಹೇಳೇ ಇಲ್ಲ.”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!”

ಒಳಗಿಂದ ಬಂದ ವಿಮಲಮ್ಮ ಗಂಡನ ಮಾತಿಗೆ ನಕ್ಕರು. “ಅಲ್ಲ ಸುಧಾ, ಈ ಎಐ ಅಂದ್ರೆ ಏನವ್ವ?”

“ಕೃತಕ ಬುದ್ಧಿಮತ್ತೆ ಅತ್ತೆ. ಊರೂರಿನ ಹಳೇ ಮಳೆ, ಗಾಳಿ, ಬಿಸಿಲಿನ ಲೆಕ್ಕ ಎಲ್ಲ ಕಂಪ್ಯೂಟರಿಗೆ ಕೊಡ್ತಾರೆ. ಎಂಥ ಗಾಳಿ ಬಂದಾಗ ಎಲ್ಲಿ ಮಳೆ ಹೊಯ್ತು ಅಂತ ಅದು ನೋಡಿ ಕಲಿಯುತ್ತೆ. ಆಮೇಲೆ ನಾಳೆದು ಅಂದಾಜು ಹೇಳುತ್ತೆ. ದೇವರಲ್ಲ, ತಪ್ಪೂ ಹೇಳುತ್ತೆ. ನಾವು ಕೊಟ್ಟಷ್ಟೇ ಅದರ ಬುದ್ಧಿ.”

“ಮಳೆ ಯಾವಾಗ್ಲೂ ಹಿಂಗೇ, ಒಂದ್ ವರ್ಷ ಹೆಚ್ಚು, ಒಂದ್ ವರ್ಷ ಕಮ್ಮಿ,” ಎಂದ ರೇವಣ್ಣ. “ಪುಸ್ತಕ ಮನೆ ದಾಟಲ್ಲ. ನಾನು ಓದ್ತೀನಿ, ಬೇಕಾದ್ರೆ ಬರ್ಕೋ.”

ಮೂವತ್ತೊಂದು ವರ್ಷದ ಪುಸ್ತಕ. ದಿನಾ ಬೆಳಿಗ್ಗೆ ಅಂಗಳದ ಮಳೆ ಅಳೆಯುವ ಡಬ್ಬ ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದದ್ದು; ನೂರು ಸೆಂಟಿಗೆ ಒಂದು ಇಂಚು. ಜನವರಿಗಳನ್ನು ಮೊದಲು ಓದಿ ಎಂದಳು ಸುಧಾ. ಮೊದಲ ಹತ್ತು ಹನ್ನೆರಡು ವರ್ಷ ಜನವರಿ ಪೂರ್ತಿ ಖಾಲಿ. ಆಮೇಲೆ ಒಂದು ವರ್ಷ ಹದಿನೆಂಟು ಸೆಂಟು. ಎರಡು ವರ್ಷ ಬಿಟ್ಟು ಅರವತ್ತು. ಈಚೆಗೆ ಬರಬರುತ್ತಾ ಹೆಚ್ಚುಕಡಿಮೆ ಪ್ರತಿ ವರ್ಷ. ರೇವಣ್ಣನ ದನಿ ಇಳಿಯಿತು. ಬರೆದದ್ದೆಲ್ಲ ತನ್ನದೇ ಕೈ, ಸುಳ್ಳೆನ್ನುವಂತಿಲ್ಲ. ದಿನಾ ಬರೆದವನು ಒಂದು ದಿನವೂ ಹಿಂದಿನ ಹಾಳೆ ತಿರುವಿರಲಿಲ್ಲ. ನಿಜ ಹೇಳಬೇಕೆಂದರೆ, ಅವನಿಗೆ ಭಯವಾಯಿತು.

“ಕಾಲ ನಿಜವಾಗ್ಲೂ ಕೆಟ್ಟದೆ ಕಣವ್ವ,” ಎಂದ.

ಸುಧಾ ಹಾಳೆಯ ಮೇಲೆ ಬೆರಳಿಟ್ಟಳು. “ಮಾವ, ಇಲ್ಲಿ ಒಂದು ವಾರ ಪೂರ್ತಿ ಖಾಲಿ ಇದೆಯಲ್ಲ? ಮಳೆ ಇರ್ಲಿಲ್ವೋ, ನೀವೇ ಇರ್ಲಿಲ್ವೋ?”

ರೇವಣ್ಣ ತಲೆ ಕೆರೆದುಕೊಂಡ. ವಿಮಲಮ್ಮನೇ ಹೇಳಿದರು: “ತಂಗಿ ಮಗಳ ಮದುವೆಗೆ ಹೋಗಿದ್ರಲ್ರೀ! ಆ ವಾರ ಎರಡು ದಿನ ಮಳೆ ಹೊಯ್ತು. ಹಪ್ಪಳ ನೆಂದು ಹೋದ್ವು.”

“ನೋಡಿ ಮತ್ತೆ! ಖಾಲಿ ಬಿಟ್ರೆ ಕಂಪ್ಯೂಟರಿಗೆ ಏನು ಗೊತ್ತಾಗುತ್ತೆ? ಮಳೆ ಇಲ್ಲದ ದಿನ ಸೊನ್ನೆ ಅಂತ ಬರೀಬೇಕು. ನೀವಿಲ್ಲದ ದಿನ ಅತ್ತೆ ಬರೀಲಿ.”

ಪುಸ್ತಕದ ಹಳೇ ಲೆಕ್ಕವನ್ನು ಸುಧಾ ಬರೆದುಕೊಂಡು ಕಳಿಸಿದಳು. ಅಂದಿನಿಂದ ಆ ಮನೆಯಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಬೆಳೆಗಾರರ ಸಂಘಕ್ಕೆ ಲೆಕ್ಕ ಹೋಗತೊಡಗಿತು. ಹಾಗೆಯೇ ಇನ್ನೂ ಇಪ್ಪತ್ತು ಮನೆಗಳಿಂದ.

ಜನವರಿ ಬಂತು. ಕಣದ ತುಂಬ ಕಾಫಿ. ಒಂದು ಮಧ್ಯಾಹ್ನ ಮೆಸೇಜು: ‘ಸಂಜೆಯೊಳಗೆ ಮಳೆ ಸಂಭವ.’ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ರೇವಣ್ಣ ಮೇಲೆ ನೋಡಿದ, ಫೋನು ನೋಡಿದ.

“ನೋಡ್ತಾ ನಿಂತ್ರೆ ಆಗಲ್ಲ, ಟಾರ್ಪಾಲ್ ಹಿಡೀರಿ,” ಎಂದರು ವಿಮಲಮ್ಮ. ಇಬ್ಬರೂ ಕಾಫಿ ರಾಶಿ ಮಾಡಿ ಮುಚ್ಚಿದರು. ನಾಲ್ಕೂವರೆಗೆ ಸುರಿಯಿತು, ನಲವತ್ತೈದು ಸೆಂಟು. ಒಂದು ಕಾಳೂ ನೆನೆಯಲಿಲ್ಲ.

ಮುಂದಿನ ವಾರ ಮತ್ತೆ ಎಚ್ಚರಿಕೆ ಬಂತು. ಮತ್ತೆ ಮುಚ್ಚಿದರು. ಮಳೆ ಬರಲೇ ಇಲ್ಲ, ಅರ್ಧ ದಿನದ ಬಿಸಿಲು ಹೋಯಿತು. ಸುಧಾ ಹೆದರುತ್ತಲೇ ಬಂದಳು. ರೇವಣ್ಣ ಬೈಯಲಿಲ್ಲ.

“ಸೊನ್ನೆ ಅಂತ ಕಳಿಸಿದೀನಿ. ಅದೂ ಕಲೀಲಿ, ನಾನೂ ಕಲಿತೆ,” ಎಂದ.

ಬಂಧುಗಳೇ, ಕೆಟ್ಟ ಕಾಲವನ್ನು ಯಂತ್ರವೊಂದೇ ಸರಿಮಾಡಲಾರದು. ಕಾಲ ಇನ್ನೂ ಕೆಡದಂತೆ ತೋಟದ ನೆರಳಿನ ಮರ ಉಳಿಸುವುದು ನಮ್ಮ ಕೆಲಸವೇ. ಆದರೆ ಬರುವ ಮಳೆಯನ್ನು ಎಐ ಮುಂಚೆ ಹೇಳಬಲ್ಲದು, ನಾವು ಕಲಿಸಿದರೆ. ಎಚ್ಚರಿಕೆ ಬಂದರೆ ಅಸಡ್ಡೆ ಮಾಡಬೇಡಿ. ತಪ್ಪಾದರೆ ತಪ್ಪೆಂದು ತಿಳಿಸಿ. ಬೆಳಿಗ್ಗೆ ಅಂಗಳಕ್ಕೆ ಹೋಗಿ ಅಳೆಯಿರಿ, ಬರೆಯಿರಿ, ಕಳಿಸಿ. ಇವತ್ತು ನಿಮ್ಮ ಮನೆಯಲ್ಲಿ ಎಷ್ಟು ಸೆಂಟು ಮಳೆ? ನೀವು ಹೇಳದಿದ್ದರೆ ಇನ್ಯಾರಿಗೆ ಗೊತ್ತಾಗಬೇಕು?