ಬುಳೆಕಾಣಿಕೆ

"ಹೆಣ ಹೊರ್ಲಿಕ್ಕೆ ಬಂದ ಹಾಗೆ ಬಂದಿದ್ದೀಯಲ್ಲ ಬೇವರ್ಸಿ! ಸ್ಟೇಜಿಗೆ ಹತ್ತುವ ವೇಷವಾ ಇದು?"

ಭುಜಂಗ ಮುಂಡಪ್ಪನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಮೂಗು ಸೊಟ್ಟ ಮಾಡಿದ. ಕೊಲ್ಲಿಯ ದ್ವೀಪದೇಶವೊಂದರಲ್ಲಿ, ಅದ್ಲಿಯಾದ ಹೋಟೆಲೊಂದರ ಹಿಂಬಾಗಿಲು ಅದು. ಒಳಗೆ ಮೀನು ಹುರಿಯುವ ಹೊಗೆ, ಹೊರಗೆ ಶುಕ್ರವಾರದ ಬಿಸಿಲು.

"ಒಗ್ದದ್ದು ಧಣಿ."

"ಒಗ್ದದ್ದಂತೆ! ನೀರಜಾ, ಯಾವುದಾದ್ರೂ ವೇಟರನ ಒಂದು ಬಿಳಿ ಅಂಗಿ ಕೊಡ್ಸು ಇವನಿಗೆ. ಮಾಲೆ ಹಾಕುವಾಗ ಎಂಪಿಯವರಿಗೆ ವಾಂತಿ ಬರ್ಬಾರ್ದು."

ಭುಜಂಗನ ಹೆಂಡತಿ ನೀರಜಾಕ್ಷಿ ಹೂವಿನ ಪೆಟ್ಟಿಗೆ ಹಿಡಿದುಕೊಂಡೇ ಬಂದಳು. "ಕೈ ತೋರ್ಸು ನೋಡುವ. ಅಯ್ಯೋ ದೇವರೇ, ಇದೆಂತ ಉಗುರು ಮಾರಾಯ? ಮಾಲೆಯನ್ನು ತುದಿಯಲ್ಲಿ ಹಿಡಿ ಆಯ್ತಾ. ಹೂ ಬೊಂಬಾಯಿಂದ ಫ್ಲೈಟಲ್ಲಿ ಬಂದದ್ದು."

ಹನ್ನೊಂದು ವರ್ಷ ಸಿಮೆಂಟು ಕಲಸಿದ ಉಗುರು ಯಾವ ಸೋಪಿಗೂ ಬಗ್ಗುವುದಿಲ್ಲ. ಮುಂಡಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಭುಜಂಗನ ಕಂಟ್ರಾಕ್ಟಿನಲ್ಲಿ ನಲವತ್ತು ಜನ ಆಳು. ಅವರ ಮೇಲೆ ಮುಂಡಪ್ಪ ಫೋರ್ಮನ್. ಊರಿನಿಂದ ಬಂದ ಸಂಸತ್ ಸದಸ್ಯರಿಗೆ ಕಾರ್ಮಿಕರ ಪರವಾಗಿ ಮಾಲೆ ಹಾಕಲು ಭುಜಂಗ ಅವನನ್ನೇ ಆರಿಸಿದ್ದ. ಯಾಕೆಂದು ಮುಂಡಪ್ಪನಿಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಲೇಬರ್ ಆಫೀಸಿನಲ್ಲಿ ಅವನು ಹೇಳಿಕೆ ಕೊಡುವುದಿತ್ತು.

ಎರಡು ವಾರದ ಹಿಂದೆ, ಇಂಥದ್ದೇ ಒಂದು ಶುಕ್ರವಾರ, ಬುಸೈತೀನಿನ ಹೊಸ ವಿಲ್ಲಾ ಒಂದರಲ್ಲಿ ಗಾರೆಯ ಕೆಲಸದ ಲತೇಶ ಎರಡನೇ ಮಾಳಿಗೆಯ ಹೊರಗೋಡೆಗೆ ಕಟ್ಟಿದ್ದ ಅಟ್ಟದಿಂದ ಕೆಳಗೆ ಬಿದ್ದಿದ್ದ. ಅಟ್ಟದ ಹಲಗೆ ಲಡ್ಡಾಗಿದೆ, ಮುರಿಯಬಹುದು ಎಂದು ಮುಂಡಪ್ಪ ಭುಜಂಗನಿಗೆ ಎರಡು ಸಲ ಹೇಳಿದ್ದ. ಶುಕ್ರವಾರ ರಜೆ. ಆದರೂ ಕೆಲಸ ಮುಗಿಯಬೇಕು ಎಂದು ಗುರುವಾರ ಸಂಜೆ ಭುಜಂಗ ಹೇಳಿದ. ಮಲಗಿದ್ದ ಲತೇಶನ ಹೊದಿಕೆ ಎಳೆದು, "ಏಳಾ ಪೋರಾ, ಬಿಸಿಲು ಏರುವ ಮೊದಲು ಮುಗಿಸಿ ಬರುವ" ಎಂದು ಪಿಕಪ್ಪಿಗೆ ಹತ್ತಿಸಿದವನು ಮುಂಡಪ್ಪ. ಈಗ ಲತೇಶನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಕಂಪನಿಯ ಕೆಲಸದಲ್ಲಿ ಬಿದ್ದ ಎಂದಾದರೆ ಅವನ ಚಿಕಿತ್ಸೆ, ಮುಂದಿನ ಬದುಕು ಎಲ್ಲ ಭುಜಂಗನ ತಲೆಗೆ. ತಾನಾಗಿ ಹೊರಗಿನ ಕೆಲಸಕ್ಕೆ ಹೋಗಿ ಬಿದ್ದ ಎಂದಾದರೆ ಕಳ್ಳ ಕೆಲಸಗಾರ. ಸ್ಟ್ರೆಚರಿನಲ್ಲೇ ವಿಮಾನ ಹತ್ತಿಸಬಹುದು. ಲತೇಶನನ್ನು ಬಿಟ್ಟರೆ, ಯಾವುದೆಂದು ಹೇಳಲು ಇದ್ದ ಸಾಕ್ಷಿ ಮುಂಡಪ್ಪ ಒಬ್ಬನೇ.

ಮುಂಡಪ್ಪನಿಗೆ ಗೊತ್ತಿದ್ದು ಭುಜಂಗನಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ವೇದಿಕೆಯ ಮೇಲಿನ ಎಂಪಿ, ತಾರಾನಾಥ ವಕೀಲರನ್ನು ಅವನು ಹತ್ತೊಂಬತ್ತು ವರ್ಷದ ಹಿಂದೆಯೇ ನೋಡಿದ್ದ.

ಮೈಕು ಹಿಡಿದವನು ಅವರ ಜೀವನಚರಿತ್ರೆ ಓದುತ್ತಿದ್ದ. ಕರಿಕೋಟು ತೊಟ್ಟು ಬಡ ಒಕ್ಕಲುಗಳ ಕಣ್ಣೀರು ಒರೆಸಿದ ನ್ಯಾಯವಾದಿ, ಸಾವಿರಾರು ಮಂದಿಗೆ ಭೂಮಿ ಕೊಡಿಸಿದ ಧೀಮಂತ, ಇಂದು ದೆಹಲಿಯಲ್ಲಿ ಕರಾವಳಿಯ ದನಿ. ಜರಿಪೇಟ, ಶಾಲು, ಹಣ್ಣಿನ ತಟ್ಟೆ. ಪಕ್ಕದಲ್ಲಿ ನಿಂತ ಮುಂಡಪ್ಪನಿಗೆ ವೇಟರನ ಅಂಗಿ ಕಂಕುಳಲ್ಲಿ ಬಿಗಿಯುತ್ತಿತ್ತು.

ಆಗ ಅವನಿಗೆ ಹದಿನೇಳು. ಮನೆಯಲ್ಲಿ ಎಂಟನೇ ಕ್ಲಾಸು ಮುಟ್ಟಿದವನು ಅವನೊಬ್ಬನೇ. ಅಪ್ಪ ಐತಪ್ಪನಿಗೆ ದಮ್ಮು, ನಾಲ್ಕು ಮಾತಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ, ತಾವು ಉಳುತ್ತಿದ್ದ ಗುತ್ತಿನ ಧಣಿಯ ಗದ್ದೆಗಾಗಿ ಭೂ ನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಡಲು ಮಗನನ್ನು ನಿಲ್ಲಿಸಿದರು. ಮಂಡಳಿಯ ಒಳಗೆ ವಕೀಲರನ್ನು ಬಿಡುತ್ತಿರಲಿಲ್ಲ. ಅಪ್ಪ ಹಿಡಿದಿದ್ದ ವಕೀಲರು ತಾರಾನಾಥರು, ಅವರ ವಕೀಲಿಯೆಲ್ಲ ತಾಲೂಕು ಕಚೇರಿಯ ಜಗಲಿಯ ಮೇಲೆ. ಅಲ್ಲಿ ಅವರು ಹುಡುಗನ ಹೆಗಲಿಗೆ ಕೈ ಹಾಕಿದರು. ಅದಕ್ಕಿಂತ ಮೊದಲು ಕೋಟು ಹಾಕಿದ ಯಾರೂ ಅವನನ್ನು ಮುಟ್ಟಿರಲಿಲ್ಲ.

"ವರ್ಷ ವರ್ಷ ಗುತ್ತಿನ ಮನೆಗೆ ಅಕ್ಕಿಮುಡಿ ಹೊರ್ತೀರಲ್ಲ, ಅದನ್ನು ಗೇಣಿ ಅಂತ ಹೇಳ್ಬೇಡ ಆಯ್ತಾ. ಧಣಿಗಳು ಎದುರಲ್ಲೇ ಕೂತಿರ್ತಾರೆ. ಬುಳೆಕಾಣಿಕೆ ಅಂತ ಹೇಳು. ಮರ್ಯಾದೆಯ ಮಾತು. ಉಳಿದದ್ದು ನಾನು ನೋಡಿಕೊಳ್ತೇನೆ."

ಬುಳೆಕಾಣಿಕೆ ಎಂದರೆ ಹಬ್ಬಕ್ಕೆ ಧಣಿಯ ಚಾವಡಿಯಲ್ಲಿ ತಂದಿಡುವ ಸೌತೆಕಾಯಿ, ಬಾಳೆಗೊನೆ. ಯಾರು ಬೇಕಾದರೂ ತರಬಹುದು. ಗೇಣಿ ಕೊಟ್ಟವನಿಗೆ ಕಾನೂನಿನಲ್ಲಿ ಭೂಮಿ ಇತ್ತು. ಕಾಣಿಕೆ ಕೊಟ್ಟವನಿಗೆ ಏನೂ ಇರಲಿಲ್ಲ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಧಣಿಯ ಎದುರು ತಲೆ ತಗ್ಗಿಸಿ, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಸ್ಪಷ್ಟವಾಗಿ, "ಅದು ಬುಳೆಕಾಣಿಕೆ" ಎಂದ. ಮೇಜಿನ ಆಚೆ ಇದ್ದವರೊಬ್ಬರು ನಕ್ಕರು. "ಬರ್ಕೊಳ್ಳಿ. ಅವನೇ ಹೇಳ್ತಾ ಇದ್ದಾನಲ್ಲ."

ಮೂರು ತಿಂಗಳಲ್ಲಿ ಗದ್ದೆ ಬಿಡಬೇಕಾಯಿತು. ಅಪ್ಪ ಹೊಡೆಯಲಿಲ್ಲ. "ನೀನು ಓದಿದವನಲ್ವಾ ಮಗ" ಎಂದಷ್ಟೇ ಹೇಳಿದ. ತಾರಾನಾಥರು ಎರಡು ವರ್ಷದಲ್ಲಿ ಗುತ್ತಿನ ಧಣಿಯ ಬೆಂಬಲದಿಂದ ಸೊಸೈಟಿಯ ಅಧ್ಯಕ್ಷರಾದರು, ಆಮೇಲೆ ತಾಲೂಕು ಬೋರ್ಡು, ಆಮೇಲೆ ದೆಹಲಿ. ಅವರ ಮೊದಲ ಚುನಾವಣೆಗೆ ಊರಿನ ಮೋರಿಯ ಗೋಡೆಗಳ ಮೇಲೆ ಸುಣ್ಣ ಬಳಿದು, ನೀಲಿಯಲ್ಲಿ ಅವರ ಹೆಸರು ಬರೆದವನು ಮುಂಡಪ್ಪನೇ. ಅಕ್ಷರ ಚಂದ ಇದೆಯೆಂದು ಕರೆದಿದ್ದರು. ಮಧ್ಯಾಹ್ನ ಗಂಜಿ, ಮೀನು ಕೊಟ್ಟಿದ್ದರು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

"ನಮ್ಮ ಶ್ರಮಿಕ ಬಂಧುಗಳ ಪರವಾಗಿ..."

ಭುಜಂಗ ಬೆನ್ನಿಗೆ ತಿವಿದ. ಮುಂಡಪ್ಪ ಮಾಲೆ ಹಾಕಿದ. ಎಂಪಿಯವರು ಕ್ಯಾಮೆರಾದ ಕಡೆ ಮುಖ ಮಾಡಿಕೊಂಡೇ ಕೇಳಿದರು: "ಯಾವ ಊರು ನೀನು?"

ಊರು ಹೇಳಿದ. ಅವರು ತಿರುಗಿ ನೋಡಿದರು. "ಅಲ್ಲಿ ಯಾರ ಮಗ?"

"ಐತಪ್ಪನ."

"ಹೋ!" ಎಂಪಿಯವರು ಅವನ ಹೆಗಲು ಬಳಸಿ ಮೈಕಿಗೆ ಬಾಯಿ ಹಚ್ಚಿದರು. "ನೋಡಿ ಸ್ವಾಮಿ, ಎಂಥಾ ಯೋಗಾಯೋಗ! ಈ ಹುಡುಗನ ಅಪ್ಪನ ಭೂಮಿಗಾಗಿ ನಾನು ತಾಲೂಕು ಕಚೇರಿಯ ಜಗಲಿಯಲ್ಲಿ ನಿಂತು ಹೋರಾಡಿದ್ದೇನೆ. ಒಂದು ಪೈಸೆ ಫೀಸು ತಗೊಂಡವನಲ್ಲ. ಹೌದಾ ಅಲ್ವಾ ಕೇಳಿ ಇವನತ್ರವೇ!"

ಮುನ್ನೂರು ಮುಖ ಮುಂಡಪ್ಪನನ್ನು ನೋಡಿದವು. ಅವನ ಬಾಯಿ ತೆರೆಯಿತು. ನಕ್ಕ. ಕೈ ಎರಡೂ ತಾವಾಗಿಯೇ ಕೂಡಿಕೊಂಡವು. ಚಪ್ಪಾಳೆ ಬಿತ್ತು, ಕ್ಯಾಮೆರಾ ಮಿಂಚಿತು. ಫೀಸಿಗೆಂದು ಮಾರಿದ ಅಮ್ಮನ ಹಂಡೆಯ ನೆನಪು ಬಂದದ್ದು ವೇದಿಕೆಯಿಂದ ಇಳಿದ ಮೇಲೆ.

ಊಟದ ಹೊತ್ತಿಗೆ ಅವನನ್ನು ಒಳಗಿನ ಕೋಣೆಗೆ ಕರೆದರು. ಎಂಪಿಯವರು ಅಂಜಲ್ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಭುಜಂಗ ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇಟ್ಟ. ಮುಂಡಪ್ಪನಿಗೆ ಕೂರಲು ಯಾರೂ ಹೇಳಲಿಲ್ಲ.

"ಭುಜಂಗಣ್ಣ ಎಲ್ಲ ಹೇಳಿದ್ರು" ಎಂದರು ಎಂಪಿ. "ಪಾಪ, ಆ ಹುಡುಗನದ್ದು ಗ್ರಹಚಾರ. ಆದ್ರೆ ನಾನು ವಕೀಲ ಮನುಷ್ಯ. ನನ್ನತ್ರ ಕೇಳಿದ್ರೆ ಎಲ್ಲ ಇರುದು ಶಬ್ದದಲ್ಲಿ. ಕೆಲಸಕ್ಕೆ ಹೋದ ಅಂತ ಹೇಳಿದ್ರೆ ಕೇಸು. ಉಪಕಾರಕ್ಕೆ ಹೋದ ಅಂತ ಹೇಳಿದ್ರೆ ಕೇಸೇ ಇಲ್ಲ. ರಜೆ ದಿವಸ, ಆ ಅರಬಿಯ ಮನೆಯಲ್ಲಿ ಏನೋ ಸಣ್ಣ ರಿಪೇರಿ, ತಾನಾಗಿ ಒಂದು ಉಪಕಾರಕ್ಕೆ ಹೋದ. ಅವನಿಗೂ ಮರ್ಯಾದೆ, ನಿನಗೂ ಮರ್ಯಾದೆ."

ಮುಂಡಪ್ಪನಿಗೆ ಕಿವಿ ಬಿಸಿಯಾಯಿತು. ಜಗಲಿಯ ಮೇಲೆ ಕೇಳಿದ ಅದೇ ಸ್ವರ. ಇವರಿಗೆ ನೆನಪೇ ಇಲ್ಲ, ಅಥವಾ ಎಲ್ಲ ನೆನಪಿದೆ.

"ನಾನೇ ಎಬ್ಬಿಸಿ ಕರ್ಕೊಂಡು ಹೋದದ್ದು ಧಣಿ."

"ಅದನ್ನು ಯಾವ ಸೂಳೆಮಗ ಕೇಳಿದ್ದು ನಿನ್ನತ್ರ?" ಭುಜಂಗ ಗ್ಲಾಸು ಕುಕ್ಕಿದ. "ಕಂಪನಿ ಬಂದ್ ಆದ್ರೆ ನಲವತ್ತು ಜನ ಗಂಟು ಕಟ್ಟುದು. ಮೊದಲು ಹೋಗುದು ನೀನು. ಪಾಸ್‌ಪೋರ್ಟು ಎಲ್ಲಿದೆ ಗೊತ್ತುಂಟಲ್ಲ?"

"ಇರಿ ಭುಜಂಗಣ್ಣ, ಹೆದರಿಸ್ಬೇಡಿ ಅವನನ್ನು" ಎಂದರು ಎಂಪಿ, ಬೆರಳು ಚೀಪುತ್ತಾ. "ನಮ್ಮ ಹುಡುಗ ಅವನು. ಮುಂಡಪ್ಪ, ಲತೇಶನನ್ನು ಊರಿಗೆ ಕಳಿಸುವ. ಅಲ್ಲಿ ನಾನಿದ್ದೇನಲ್ಲ. ಸೈನ್ ಹಾಕು."

ಹಾಳೆ ಇಂಗ್ಲಿಷಿನಲ್ಲಿತ್ತು. ಅವನು ಕನ್ನಡದಲ್ಲಿ ಸಹಿ ಹಾಕಿದ. "ಅಕ್ಷರ ಚಂದ ಉಂಟು ಮಾರಾಯ ನಿಂದು" ಎಂದರು ಎಂಪಿ.

ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಹೋದ. ಲತೇಶ ಚಾದರದ ಮೇಲೆ ಕೈ ಕಟ್ಟಿಕೊಂಡು ಮಲಗಿದ್ದ. ಇಪ್ಪತ್ತಮೂರರ ಮುಖಕ್ಕೆ ಗಡ್ಡ ಬಂದಿತ್ತು.

"ಮುಂಡಪ್ಪಣ್ಣ, ಎಂತ ಬಿಳಿ ಅಂಗಿ? ಹೆಣ್ಣು ನೋಡ್ಲಿಕ್ಕೆ ಹೋದದ್ದಾ?"

ಅಂಗಿ ವಾಪಸು ಕೊಡಲು ಮರೆತಿದ್ದ. "ಹೌದು ಮಾರಾಯ, ನಿನಗೇ ನೋಡಿ ಬಂದದ್ದು."

"ಕುಣಿಯುವವಳು ಬೇಡ ಮಾರ್ರೆ, ನನಗೀಗ ಆಗುದಿಲ್ಲ." ಲತೇಶ ನಕ್ಕು, ಸ್ವರ ತಗ್ಗಿಸಿದ. "ಎಂಪಿಯವರತ್ರ ನನ್ನ ವಿಷಯ ಹೇಳಿದ್ರಾ?"

"ಹೇಳಿದೆ."

"ಎಂತ ಹೇಳಿದ್ರು?"

"ನೋಡಿಕೊಳ್ತಾರಂತೆ."

"ನಾಳೆ ನೀವು ಹೇಳಿದ್ರೆ ಆಯ್ತು ಅಲ್ವಾ? ನೀವೇ ಕರ್ಕೊಂಡು ಹೋದದ್ದಲ್ವಾ?" ಉತ್ತರಕ್ಕೆ ಕಾಯದೆ ಲತೇಶ ಮುಂದುವರಿಸಿದ. "ನನಗೆ ಈಗ ಸ್ವಲ್ಪ ಸ್ವಲ್ಪ ಗೊತ್ತಾಗ್ತದೆ ಅಣ್ಣ. ಸತ್ಯವಾಗಿಯೂ. ನೋಡಿ, ನನ್ನ ಕಾಲಿನ ಒಂದು ಬೆರಳು ಮುಟ್ಟಿ. ಯಾವುದು ಅಂತ ಹೇಳ್ತೇನೆ."

ಅವನು ಕಣ್ಣು ಮುಚ್ಚಿದ. ಮುಂಡಪ್ಪ ಮಂಚದ ಬುಡಕ್ಕೆ ಬಂದ. ಚಾದರ ಸರಿಸಿದ. ಪಾದದ ಗೆರೆಗಳಲ್ಲಿ ಇನ್ನೂ ಒಣಗಿದ ಗಾರೆ ಇತ್ತು. ಎರಡು ವಾರದಿಂದ ಯಾರೂ ತೊಳೆದಿರಲಿಲ್ಲ. ಮುಟ್ಟದೆ ಕೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

"ಹೆಬ್ಬೆರಳು!" ಎಂದ ಲತೇಶ ಕಣ್ಣು ಮುಚ್ಚಿಕೊಂಡೇ. "ಸರಿ ಅಲ್ವಾ?"

ಮುಂಡಪ್ಪನ ಕೈ ಬೆನ್ನ ಹಿಂದೆಯೇ ಇತ್ತು.

"ಸರಿ" ಎಂದ.

ಶನಿವಾರ ಬೆಳಿಗ್ಗೆ ಭುಜಂಗನ ಕಾರಿನಲ್ಲಿಯೇ ಹೋದರು. ಕಂಪನಿಯ ಕಾಗದಪತ್ರದ ಕೆಲಸ ನೋಡುವ ಹರ್ಬರ್ಟ್ ಮುಂದೆ ಕೂತಿದ್ದ. ಅವನಿಗೆ ಅರಬಿ ನೀರು ಕುಡಿದಷ್ಟು ಸಲೀಸು. "ಆಫೀಸರ್ ಕೇಳಿದ್ರೆ ನೀನು ತಲೆ ಆಡ್ಸು, ಸಾಕು. ಬಾಕಿ ನಾನು ಹೇಳ್ತೇನೆ" ಎಂದ.

ಪಾದದವರೆಗಿನ ಬಿಳಿ ತೋಬು ತೊಟ್ಟ ವಯಸ್ಸಾದ ಅರಬಿ ಅಧಿಕಾರಿ ಮೇಜಿನ ಆಚೆ ಹಾಳೆ ಓದುತ್ತಿದ್ದ. ಭುಜಂಗ, ಹರ್ಬರ್ಟ್ ಕೂತರು. ಮುಂಡಪ್ಪ ಗೋಡೆಗೆ ಒತ್ತಿ ನಿಂತ. ಅಧಿಕಾರಿ ಕನ್ನಡಕದ ಮೇಲಿಂದ ಅವನನ್ನೇ ನೋಡಿ ಏನೋ ಕೇಳಿದ.

"ಇದು ನಿನ್ನ ಸೈನಾ ಅಂತ ಕೇಳ್ತಾರೆ. ಹೌದು ಅಂತ ತಲೆ ಆಡ್ಸು."

ಮುಂಡಪ್ಪ ತಲೆ ಆಡಿಸಲಿಲ್ಲ. "ಅವನು ಉಪಕಾರಕ್ಕೆ ಬಂದದ್ದಲ್ಲ. ನಾನು ಎಬ್ಬಿಸಿ ಕರ್ಕೊಂಡು ಹೋದದ್ದು. ಭುಜಂಗ ಧಣಿ ಹೇಳಿ ಕಳ್ಸಿದ್ದು. ಹಾಗೆ ಹೇಳು ಅವರತ್ರ."

ಹರ್ಬರ್ಟನ ಮುಖದಲ್ಲಿ ಏನೂ ಕದಲಲಿಲ್ಲ. ಅವನು ಅಧಿಕಾರಿಯ ಕಡೆ ತಿರುಗಿ, ನಯವಾಗಿ, ಉದ್ದಕ್ಕೆ ಅರಬಿಯಲ್ಲಿ ಹೇಳಿದ. ಅಧಿಕಾರಿ ತಲೆದೂಗಿ ಪೆನ್ನಿನ ಮುಚ್ಚಳ ತೆಗೆದ. ಮುಂಡಪ್ಪನಿಗೆ ಅರ್ಥವಾಗುವ ಶಬ್ದಗಳು ಅರಬಿಯಲ್ಲಿ ಇಪ್ಪತ್ತೋ ಮೂವತ್ತೋ. ಹರ್ಬರ್ಟ್ ಹೇಳಿದ್ದರಲ್ಲಿ ಇರಬೇಕಾದ ಒಂದು ಶಬ್ದ ಇರಲಿಲ್ಲ. ಕೆಲಸ ಎನ್ನುವುದಕ್ಕೆ ಈ ದ್ವೀಪದಲ್ಲಿ ಇಳಿದ ದಿನವೇ ಆಳುಗಳು ಕಲಿಯುವ ಶಬ್ದ. ಬಾಗಿಲು ಬಡಿದು ಎಬ್ಬಿಸುವವರು, ಬೈಯುವವರು, ಓಡಿಸುವವರು ಎಲ್ಲರೂ ಕೂಗುವ ಶಬ್ದ. ಅದರಲ್ಲಿ ಮರ್ಯಾದೆ ಏನೂ ಇರಲಿಲ್ಲ.

"ಶುಗುಲ್!" ಎಂದ ಮುಂಡಪ್ಪ.

ಸ್ವರ ಒಡೆದು ಬಂತು. ಪೆನ್ನು ನಿಂತಿತು.

"ಶುಗುಲ್! ಜುಮಾ, ಶುಕ್ರವಾರ, ಶುಗುಲ್!" ಅವನು ತನ್ನ ಎದೆಗೆ ಬಡಿದುಕೊಂಡ. "ಅನಾ ಜೀಬ್! ನಾನೇ ತಂದದ್ದು ಅವನನ್ನು. ಅನಾ!" ಬೆರಳು ಭುಜಂಗನ ಕಡೆ ತಿರುಗಿತು. "ಇವರದ್ದು ಶುಗುಲ್!"

"ಬಾಯಿ ಮುಚ್ಚಾ ಬೋಳಿಮಗನೆ" ಎಂದ ಭುಜಂಗ, ಅಧಿಕಾರಿಯ ಕಡೆ ನಗು ಹಿಡಿದುಕೊಂಡೇ. "ಇವತ್ತು ರಾತ್ರಿಯ ಫ್ಲೈಟಿಗೆ ಹತ್ತಿಸ್ತೇನೆ ನಿನ್ನನ್ನು."

ಅಧಿಕಾರಿ ಹರ್ಬರ್ಟನನ್ನು ನೋಡಿದ. ಆಮೇಲೆ ಹಾಳೆಯನ್ನು ನೋಡಿದ. ಆಮೇಲೆ ಮುಂಡಪ್ಪನಿಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಏನೋ ಕೇಳಿದ. ಅದರಲ್ಲಿ ಮುಂಡಪ್ಪನಿಗೆ ಅರ್ಧವೂ ತಿಳಿಯಲಿಲ್ಲ. ಹರ್ಬರ್ಟ್ ಅದನ್ನು ಕನ್ನಡಕ್ಕೆ ತಿರುಗಿಸದೆ ಕಿಟಕಿಯ ಕಡೆ ಮುಖ ಮಾಡಿದ.

ಮೂಲೆಯಲ್ಲಿ ಒಂದು ಕಬ್ಬಿಣದ ಕುರ್ಚಿ ಇತ್ತು. ಮುಂಡಪ್ಪ ಅದನ್ನು ಎಳೆದ. ನೆಲಕ್ಕೆ ಉಜ್ಜಿ ಅದು ಕಿರುಚಿತು. ಮೇಜಿಗೆ ತಾಗುವ ಹಾಗೆ ಹಾಕಿ, ಭುಜಂಗನ ಪಕ್ಕದಲ್ಲೇ ಕೂತ. ಅಧಿಕಾರಿ ಹರ್ಬರ್ಟನನ್ನು ಬಿಟ್ಟು, ಅವನಿಗೇ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ.