ಮೊದಲನೆಯದು ಯಾರಿಗೆ

ವಿಕ್ರೋಳಿಯ ಒಂದು ಕಂಪನಿಯಲ್ಲಿ ಹರಿಣಿ ಎಂಟು ವರ್ಷದಿಂದ ಪುಟ್ಟದೊಂದು ಅಣುಸ್ಥಾವರಕ್ಕೆ ಜೀವ ತೇಯ್ದಿದ್ದಳು. ಬಿಡಿಭಾಗಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ, ಟ್ರೇಲರಿನಲ್ಲಿ ಸಾಗಿಸಿ, ಬೇಕಾದಲ್ಲಿ ಜೋಡಿಸುವುದು. ಒಂದರಂತೆಯೇ ಇನ್ನೊಂದು, ಹಾಗಾಗಿ ಅಗ್ಗ. ಆದರೆ ಕಾಗದದ ಮೇಲಿದ್ದ ಆ ಅಗ್ಗದ ಬೆಲೆ ಹತ್ತನೆಯ ಸ್ಥಾವರದ್ದು. ಮೊದಲನೆಯದಕ್ಕೆ ಎಷ್ಟು ಪರವಾನಗಿ, ಎಷ್ಟು ವರ್ಷ, ಎಷ್ಟು ಕೋಟಿ ಎಂಬುದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಬಂದ ಗಿರಾಕಿಗಳೆಲ್ಲ ಹೊಗಳಿ, ಚಹಾ ಕುಡಿದು, ಎರಡನೆಯದನ್ನು ಕೇಳಿ ಹೋಗಿದ್ದರು. ಈ ತಿಂಗಳೊಳಗೆ ಮೊದಲನೆಯದಕ್ಕೊಬ್ಬ ಗಿರಾಕಿ ಸಿಗದಿದ್ದರೆ ಅವಳ ವಿಭಾಗಕ್ಕೆ ಬೀಗ.

ಉಳಿದಿದ್ದ ಒಬ್ಬರೇ ಗಿರಾಕಿ ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಯ ಮಾಲೀಕ ಬಸವಂತರಾಯರು. ಅವರನ್ನು ಹರಿಣಿ ಫೋರ್ಟ್ ಬಡಾವಣೆಯಲ್ಲಿದ್ದ ತನ್ನಪ್ಪನ ಹೋಟೆಲಿಗೇ ಕರೆತಂದಳು. ಹೊಟ್ಟೆ ತುಂಬಿದವರು ಬೇಗ ಒಪ್ಪುತ್ತಾರೆಂಬುದು ಶೆಟ್ಟರ ಮನೆಯ ನಂಬಿಕೆ.

ಮಧ್ಯಾಹ್ನದ ಬಿಡುವು ಮುಗಿದು ಕಾವಲಿ ಆಗಷ್ಟೇ ಕಾದಿತ್ತು. ಅಡುಗೆಯ ಭಟ್ಟರು ಮೊದಲ ದೋಸೆ ಎಬ್ಬಿಸಿದರು. ಅರ್ಧ ಕಾವಲಿಯಲ್ಲೇ ಉಳಿಯಿತು. ಹರಿದದ್ದನ್ನು ತಟ್ಟೆಗೆ ಹಾಕಿ, ಗಲ್ಲಾದಲ್ಲಿ ಕೂತಿದ್ದ ಅವಳಪ್ಪ ರಮಾನಾಥ ಶೆಟ್ಟರ ಮುಂದಿಟ್ಟರು.

“ಏನ್ರೀ ಶೆಟ್ರ, ಮಾಲಕರಿಗೇ ಹರಕು ದ್ವಾಸಿ?” ಎಂದರು ಬಸವಂತರಾಯರು.

“ಮೊದಲಿನದ್ದು ಹಾಗೇ ಮಾರಾಯ್ರೆ. ಗಿರಾಕಿಗೆ ಕೊಡ್ಲಿಕ್ಕುಂಟಾ? ಕಾವಲಿ ನಂದು, ನಾನೇ ತಿನ್ಬೇಕು.”

ಬಸವಂತರಾಯರು ಹರಿಣಿಯತ್ತ ತಿರುಗಿದರು. “ಕೇಳಿದ್ರಿಲ್ಲವಾ? ನೀವು ನೋಡಿದ್ರ ಹರಕಂದು ನನಗ ಬಡಸಾಕ ಹೊಂಟೀರಿ. ನಿಮ್ಮ ಕಂಪನೀಗೆ ಕರೆಂಟ್ ಬ್ಯಾಡೇನು?”

ಹುಟ್ಟಿದಾಗಿನಿಂದ ಆ ದೋಸೆ ನೋಡಿದವಳಿಗೆ ಇದು ಹೊಳೆದಿರಲಿಲ್ಲ. ಹರಿಣಿ ಫುಟ್‌ಪಾತಿಗೆ ಹೋಗಿ ಬಾಸ್ ಸುಹಾಸನಿಗೆ ಫೋನ್ ಮಾಡಿದಳು: ಮೊದಲನೆಯದನ್ನು ನಮ್ಮ ಕಂಪನಿಯದೇ ಉಕ್ಕಿನ ಘಟಕದಲ್ಲಿ ಕೂರಿಸೋಣ, ನಷ್ಟವಾದರೆ ನಮಗೇ ಆಗಲಿ.

“ಪಾಗಲ್ ಹೋ ಗಯಿ ಕ್ಯಾ, ಹರಿಣಿ? ಬೋರ್ಡ್ ಒಪ್ಪಲ್ಲ. ಬೇರೆ ಯಾರಾದ್ರೂ ಒಂದು ಹಾಕ್ಲಿ. ಅದು ಚೆನ್ನಾಗಿ ನಡೆದ್ರೆ ಎರಡನೇದು ನಮ್ಗೇ, ಪಕ್ಕಾ.”

ಒಳಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಬಸವಂತರಾಯರು ಗುಂಡನೆಯ, ಹೊಂಬಣ್ಣದ ದೋಸೆ ಮುರಿಯುತ್ತ ತುಸು ಯೋಚಿಸಿದರು.

“ಹಂಗಾರ ಎರಡನೇದು ನಿಮ್ಮ ಸಾಹೇಬ್ರಿಗೆ ಹೋತು. ಮೂರನೇದು ನಮಗಿರ್ಲಿ.”

ಮಾತಿನಲ್ಲಿ ಕುಹಕವಿರಲಿಲ್ಲ, ಸರತಿಯಲ್ಲಿ ನಿಂತ ಸಜ್ಜನನ ದನಿ ಅದು. ಕೈ ತೊಳೆದು, ಶೆಟ್ಟರಿಗೆ ನಮಸ್ಕರಿಸಿ ಹೊರಟರು.

“ಎಂತಾಯ್ತು ಮಗಾ?” ಎಂದರು ಶೆಟ್ಟರು.

“ಬೀಗ ಬಿತ್ತಪ್ಪ. ಮೊದಲಿನದ್ದು ಯಾರಿಗೂ ಬೇಡ.”

ಶೆಟ್ಟರು ತಮ್ಮ ತಟ್ಟೆಯನ್ನು ಅವಳತ್ತ ಸರಿಸಿದರು. ಹರಿಣಿ ಮೊದಲ ಬಾರಿಗೆ ಅದರಿಂದ ಒಂದು ಚೂರು ಮುರಿದು ಬಾಯಿಗಿಟ್ಟಳು. ಉಪ್ಪು, ಹುಳಿ ಎಲ್ಲ ಸರಿಯಾಗಿತ್ತು. ಒಳಗೆ ಕಾವಲಿಯಿಂದ ಗುಂಡನೆಯ ದೋಸೆಗಳು ಒಂದರ ಹಿಂದೊಂದು ಏಳುತ್ತಿದ್ದವು.